ಮದ್ರಾಸಿನ ತರ್ಮೋಸ್ಟಾಟ್ ಇಲ್ಲದ ಕಾರುಗಳು

ಈ ಊರಿನಲ್ಲಿ ನನ್ನ ಕೈಗೆ ಬಂದ ಹಳೆಯ ಅಂಬಾಸಿಡರ್, ಫಿಯೆಟ್‌ಗಳಲ್ಲಿ ನೀರಿನ ಬಿಸಿ ನೋಡಿ ತೆರೆಯುವ ವಾಲ್ವ್, ಅಂದರೆ ತರ್ಮೋಸ್ಟಾಟ್, ಉಳಿದಿದ್ದುದು ಅಪರೂಪ. ಎಂಜಿನ್ ಹೆಡ್ ಮೇಲಿನ ನೀರಿನ ಎಲ್ಬೋ ಬಿಚ್ಚಿದರೆ ಒಳಗೆ ಖಾಲಿ. ಯಾರೋ ಮೇಸ್ತ್ರಿ ಎಂದೋ ಅದನ್ನು ಕಿತ್ತೆಸೆದು, ಹೊಸ ಗ್ಯಾಸ್ಕೆಟ್ ಇಟ್ಟು ಬಿಗಿದಿರುತ್ತಾನೆ. ಮದ್ರಾಸಿನ ಸೆಕೆಗೆ ಅದೇಕೆ ಬೇಕು ಎಂಬುದು ಇಲ್ಲಿನ ಗ್ಯಾರೇಜುಗಳ ಒಮ್ಮತದ ತೀರ್ಪು. ಬೈಂದೂರು ಕಡೆಯಿಂದ ಬಂದು ಮೌಂಟ್ ರೋಡ್ ಹಿಂದಿನ ಗಲ್ಲಿಯಲ್ಲಿ ಸ್ಪ್ಯಾನರ್ ಹಿಡಿದ ನಾನು ಕಲಿತದ್ದೂ ಅದನ್ನೇ. ಆ ಪದ್ಧತಿ ಹೇಗೆ ಹುಟ್ಟಿತು, ಇಂದಿನ ಕಾರಿಗೆ ಏಕೆ ಸಲ್ಲದು ಎಂದು ಯಾರಾದರೂ ಬರೆದಿಡಬೇಕು.

ಮೌಂಟ್ ರೋಡ್ ಮೊದಲಿನಿಂದಲೂ ಗಾಡಿಗಳ ಬೀದಿ. 1840ರಲ್ಲಿ ಶುರುವಾದ ಸಿಂಪ್ಸನ್ ಕಂಪನಿ ಕುದುರೆ ಸಾರೋಟುಗಳನ್ನು ಕಟ್ಟುತ್ತಿತ್ತು. 1903ರಲ್ಲಿ ಅಲ್ಲಿನ ಸ್ಯಾಮ್ಯುಯೆಲ್ ಜಾನ್ ಗ್ರೀನ್ ಹಬೆಯ ಕಾರೊಂದನ್ನೇ ತಯಾರಿಸಿದ. ಸ್ವಾತಂತ್ರ್ಯ ಬಂದ ಮೇಲೆ ಎಣ್ಣೂರಿನಲ್ಲಿ ಅಶೋಕ್ ಮೋಟಾರ್ಸ್ ಆಸ್ಟಿನ್ ಎ-40 ಜೋಡಿಸಿತು. ವಂಡಲೂರಿನ ಸ್ಟ್ಯಾಂಡರ್ಡ್ ಕಂಪನಿ ವ್ಯಾನ್‌ಗಾರ್ಡ್, ಟೆನ್, ಆಮೇಲೆ 1961ರಿಂದ ಹೆರಾಲ್ಡ್ ತಂದಿತು. ಹೆರಾಲ್ಡ್ ಎಂದರೆ ಮೆಕ್ಯಾನಿಕ್‌ಗಳಿಗೆ ಪ್ರಾಣ. ಮಡ್‌ಗಾರ್ಡ್ ಸಮೇತ ಇಡೀ ಬಾನೆಟ್ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಟೈರಿನ ಮೇಲೆ ಕುಳಿತೇ ಎಂಜಿನ್ ಕೆಲಸ ಮಾಡಬಹುದಿತ್ತು.

ಇವೆಲ್ಲ ಇಂಗ್ಲೆಂಡಿನ ಚಳಿಗೆ ಹುಟ್ಟಿದ ಎಂಜಿನ್‌ಗಳು. ಫ್ಯಾನನ್ನು ಎಂಜಿನ್ನೇ ಬೆಲ್ಟ್ ಮೂಲಕ ತಿರುಗಿಸುತ್ತಿತ್ತು. ಗಾಡಿ ನಿಂತು ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ, ವಾಟರ್ ಬಾಡಿ, ಅಂದರೆ ನೀರಿನ ಪಂಪೂ ನಿಧಾನ. ಪೂನಮಲ್ಲಿ ರಸ್ತೆಯಲ್ಲಿ ತಣ್ಣಗೆ ಓಡಿದ ಕಾರು ಜೆಮಿನಿ ಸರ್ಕಲ್‌ನಲ್ಲಿ ನಿಂತ ಕೂಡಲೇ ಕುದಿಯುತ್ತಿತ್ತು. 1973ರಲ್ಲಿ ಅಲ್ಲಿ ಫ್ಲೈಓವರ್ ಬಂದ ಮೇಲೆ ಆ ಜಾಗದ ಕಾಟ ತಗ್ಗಿತು, ಅಷ್ಟೆ. ನನ್ನ ಗುರುಗಳು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ನಿಂತಾಗ ಹೀಟೋ, ಓಡುವಾಗ ಹೀಟೋ? ನಿಂತಾಗ ಮಾತ್ರ ಕಾದರೆ ದೋಷ ಗಾಳಿಯದು. ಬೆಲ್ಟ್, ಫ್ಯಾನ್, ರೇಡಿಯೇಟರ್ ಎಸಳುಗಳನ್ನು ನೋಡು. ಓಡುವಾಗಲೂ ಕಾದರೆ ನೀರಿನದು, ಕೊಳವೆ ಕಟ್ಟಿದೆ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಹೀಟಿನ ಇನ್ನೊಂದು ರೂಪ ಕಾಣುತ್ತಿದ್ದುದು ಹೋಟೆಲಿನ ಅಂಗಳದಲ್ಲಿ. ಉಡುಪಿ ಕಡೆಯ ಕೆ. ಕೃಷ್ಣರಾಯರು 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲು ನಮ್ಮವರ ಹೆಮ್ಮೆಯಾಗಿತ್ತು. ಕಾರಿನಲ್ಲಿ ಕುಳಿತಲ್ಲಿಗೇ ದೋಸೆ, ಕಾಫಿ ಬರುತ್ತಿತ್ತು. ಮರದ ನೆರಳಲ್ಲಿ ಡ್ರೈವರುಗಳು ಬಾನೆಟ್ ಎತ್ತಿ, ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ ಎಂಜಿನ್ ನಿಂತುಹೋಗುವುದು ಬೇಸಿಗೆಯ ಇನ್ನೊಂದು ಕಾಯಿಲೆ. ಅದನ್ನೂ ಜನ ಹೀಟ್ ಎಂದೇ ಕರೆಯುತ್ತಿದ್ದರು. 2008ರಲ್ಲಿ ಡ್ರೈವ್-ಇನ್ ಮುಚ್ಚಿತು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ.

ಇನ್ನು ಇಲ್ಲಿನ ನೀರು. ಬೋರ್‌ವೆಲ್ಲಿನ ಗಡಸು ನೀರನ್ನೇ ರೇಡಿಯೇಟರಿಗೆ ಹಾಕುತ್ತಿದ್ದರು. ಕುದಿದಂತೆಲ್ಲ ಸುಣ್ಣ ಒಳಗೆ ಕೂರುತ್ತಿತ್ತು. ಅದರಿಂದ ಬದುಕಿದ್ದು ರೇಡಿಯೇಟರ್ ಕೆಲಸದವರು. ಪುದುಪೇಟೆಯಲ್ಲಿ ಅವರ ಕೈಚಳಕ ನೋಡುತ್ತ ನಿಲ್ಲುತ್ತಿದ್ದೆ. ಬ್ಲೋಲ್ಯಾಂಪ್ ಜ್ವಾಲೆ ಹಿಡಿದು ಬೆಸುಗೆ ಕರಗಿಸಿ ಹಿತ್ತಾಳೆಯ ಮೇಲಿನ ಟ್ಯಾಂಕ್ ಬಿಡಿಸುವರು. ಚಪ್ಪಟೆ ಕೊಳವೆಗಳು ಸಾಲಾಗಿ ಬಾಯಿ ತೆರೆದು ಕಾಣುವುವು. ಒಂದೊಂದಕ್ಕೂ ತೆಳ್ಳನೆಯ ಉಕ್ಕಿನ ಪಟ್ಟಿ ತೂರಿಸಿ ಎಳೆದರೆ ಬಿಳಿ ಹುಡಿ ಕೆಳಗುದುರುವುದು. ಮತ್ತೆ ಬೆಸೆದು, ತೊಟ್ಟಿಯಲ್ಲಿ ಮುಳುಗಿಸಿ, ಗಾಳಿ ಊದಿ, ಗುಳ್ಳೆ ಏಳುವ ಜಾಗಕ್ಕೆ ಒಂದು ತೊಟ್ಟು ಸೀಸ. ಕೊನೆಗೆ ಮಡಚಿದ ಎಸಳುಗಳನ್ನು ಒಂದೊಂದಾಗಿ ನೆಟ್ಟಗೆ ಮಾಡುವರು. ಇಂದಿನ ರೇಡಿಯೇಟರಿಗೆ ಅಲ್ಯೂಮಿನಿಯಂ ಮೈ, ಪ್ಲಾಸ್ಟಿಕ್ ಟ್ಯಾಂಕ್. ಬೆಸುಗೆಗೆ ಅಲ್ಲಿ ಜಾಗವಿಲ್ಲ. ಆ ಕಸುಬು ಸೊರಗಿದ್ದು ಹಾಗೆ, ನನಗದು ದೊಡ್ಡ ನಷ್ಟವೆಂದೇ ಅನ್ನಿಸುತ್ತದೆ.

ಅದೇ ಸುಣ್ಣ ತರ್ಮೋಸ್ಟಾಟನ್ನೂ ಹಿಡಿಯುತ್ತಿತ್ತು. ಸುಮಾರು 80 ಡಿಗ್ರಿ ಮುಟ್ಟಿದಾಗ ತೆರೆದುಕೊಂಡು ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್ ಅದು. ಮುಚ್ಚಿದಲ್ಲೇ ಕಚ್ಚಿಕೊಂಡರೆ ಎಂಜಿನ್ ಬೆಂದು ಹೋಗುತ್ತದೆ. ಲೈಸೆನ್ಸ್-ಪರ್ಮಿಟ್ ಕಾಲದಲ್ಲಿ ಒಳ್ಳೆಯ ಬಿಡಿಭಾಗ ಸಿಗುವುದೂ ಕಷ್ಟ. ಹಾಗಾಗಿ ಕಿತ್ತೆಸೆದರು. ಅಂದಿನ ಕಾರ್ಬುರೇಟರ್ ಎಂಜಿನ್ನಿಗೆ ಅದರಿಂದ ಆದ ಕೆಡುಕು ಯಾರ ಕಣ್ಣಿಗೂ ಬೀಳಲಿಲ್ಲ. ಆ ಮೇಸ್ತ್ರಿಗಳನ್ನು ನಾನು ದೂಷಿಸಲಾರೆ.

ಆದರೆ 1983ರ ಕೊನೆಗೆ ಮಾರುತಿ 800 ಬಂತು. 1998ರಲ್ಲಿ ಶ್ರೀಪೆರುಂಬುದೂರು ಬಳಿಯ ಹ್ಯುಂಡೈ ಕಾರ್ಖಾನೆಯಿಂದ ಸ್ಯಾಂಟ್ರೋ ಹೊರಟಿತು. ಫ್ಯಾನ್ ಎಂಜಿನ್ನಿನ ಬೆಲ್ಟ್ ಬಿಟ್ಟು ಕರೆಂಟಿಗೆ ಬಂತು; ಬರಬರುತ್ತ ಪೆಟ್ರೋಲ್ ಎಷ್ಟು ಎಂದು ಕಂಪ್ಯೂಟರ್ ತೀರ್ಮಾನಿಸತೊಡಗಿತು. ಈ ಗಾಡಿಗಳಲ್ಲಿ ತರ್ಮೋಸ್ಟಾಟ್ ಕಿತ್ತರೆ ಎಂಜಿನ್ ಬಿಸಿಯೇರಲು ತಡವಾಗುತ್ತದೆ. ಇನ್ನೂ ತಣ್ಣಗಿದೆ ಎಂದು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಪ್ಲಗ್ ಕಪ್ಪಾಗುತ್ತದೆ, ಎಂಜಿನ್ ಸವೆಯುತ್ತದೆ. ಟ್ರಾಫಿಕ್ಕಿನ ಹೀಟ್ ಮಾತ್ರ ಹಾಗೇ ಉಳಿಯುತ್ತದೆ.

ಕತ್ತಿಪಾರ ಜಂಕ್ಷನ್ನಿನಲ್ಲಿ ದಿನವೂ ಹೀಟ್ ಆಗುತ್ತಿದ್ದ ಸ್ಯಾಂಟ್ರೋ ಒಂದು ನಮ್ಮಲ್ಲಿಗೆ ಬಂತು. ಬೇರೆಲ್ಲೋ ತರ್ಮೋಸ್ಟಾಟ್ ಕಿತ್ತಿದ್ದರು, ಕೂಲೆಂಟ್ ಬದಲಿಸಿದ್ದರು. ನೀರಿನ ಮಟ್ಟ ನೋಡಿ, ನಿಲ್ಲಿಸಿದಲ್ಲೇ ಓಡಲು ಬಿಟ್ಟೆ. ಟೆಂಪರೇಚರ್ ಮುಳ್ಳು ಅರ್ಧ ದಾಟಿದರೂ ಫ್ಯಾನ್ ತಿರುಗಲಿಲ್ಲ. ಫ್ಯೂಸ್, ರಿಲೇ ಸರಿ ಇದ್ದವು. ಬ್ಯಾಟರಿಯಿಂದ ನೇರ ವೈರ್ ಕೊಟ್ಟೆ, ಆಗಲೂ ಇಲ್ಲ. ಮೋಟಾರನ್ನು ಸುತ್ತಿಗೆ ಹಿಡಿಯಿಂದ ಮೆಲ್ಲಗೆ ತಟ್ಟಿದೊಡನೆ ಗಿರ್ರನೆ ತಿರುಗಿತು. ಕಾರ್ಬನ್ ಬ್ರಷ್ ಸವೆದಿತ್ತು. ಮೋಟಾರ್ ಬದಲಿಸಿ ಹೊಸ ತರ್ಮೋಸ್ಟಾಟ್ ಕೂರಿಸಿದೆ. ಕಾಟ ಅಲ್ಲಿಗೆ ಮುಗಿಯಿತು.

ನಿಂತಾಗ ಮಾತ್ರ ನಿಮ್ಮ ಕಾರು ಕಾದರೆ ಮೊದಲು ಫ್ಯಾನ್ ನೋಡಿಸಿ. ಎರಡು ಫ್ಯಾನ್ ಇರುವ ಗಾಡಿಯಲ್ಲಿ ಒಂದರ ಸದ್ದು ಕೇಳಿ ನಂಬಬೇಡಿ. ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಕಟ್ಟಿದ ಧೂಳು ತೊಳೆಸಿ, ಮುಚ್ಚಳದ ರಬ್ಬರ್ ಪರೀಕ್ಷಿಸಿ. ಬಿಸಿ ಇರುವಾಗ ಮುಚ್ಚಳ ಮುಟ್ಟಲೇಬೇಡಿ, ಬೋರ್ ನೀರು ಹಾಕಬೇಡಿ. ತರ್ಮೋಸ್ಟಾಟ್ ಕಿತ್ತುಬಿಡೋಣ ಎಂದು ಯಾರಾದರೂ ಹೇಳಿದರೆ ಗಾಡಿಯನ್ನು ಅಲ್ಲಿಂದ ತೆಗೆದುಕೊಂಡು ಹೊರಡಿ.