ಮಂಗನ ಹೆಸರು, ಇಲಿಯ ಪಾಲು

ನಮ್ಮ ಮಲೆನಾಡಿನಲ್ಲಿ ಜ್ವರಕ್ಕೂ ಒಂದು ಪಂಚಾಂಗವಿದೆ. ಮಳೆಗಾಲದಲ್ಲಿ ಗದ್ದೆಯ ಕೆಸರಿಗೆ ಇಳಿದವರಿಗೆ ಇಲಿಜ್ವರದ ಭಯ. ಮಳೆ ನಿಂತು, ಜನ ಸೊಪ್ಪು, ತರಗೆಲೆ, ಕಟ್ಟಿಗೆಗೆಂದು ಕಾಡಿಗೆ ಹೊರಟಾಗ ಮಂಗನ ಕಾಯಿಲೆಯ ಭಯ. ಸಾಗರ, ಹೊಸನಗರ, ತೀರ್ಥಹಳ್ಳಿಯವರು ಈ ಎರಡನ್ನೂ ಬಲ್ಲರು. ಎರಡನೆಯದರ ಹೆಸರಿನ ಬಗ್ಗೆ ಮಾತ್ರ ನಮ್ಮದೊಂದು ತಕರಾರಿದೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಸುತ್ತಲಿನ ಹಳ್ಳಿಗರು ಜ್ವರ, ತಲೆನೋವು, ರಕ್ತಸ್ರಾವದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಬಂದರು. ಆಫ್ರಿಕಾದ ಹಳದಿ ಜ್ವರ ಇಲ್ಲಿಗೂ ಬಂತೇ ಎಂಬುದು ಮೊದಲ ಆತಂಕ. ಪರೀಕ್ಷಿಸಿದಾಗ ಸಿಕ್ಕಿದ್ದು ಉಣುಗು ಕಚ್ಚಿ ಹರಡುವ ಹೊಸ ವೈರಸ್. ರಷ್ಯಾದ ಕಾಡುಗಳ ಮೆದುಳುಜ್ವರದ ವೈರಸ್ಸಿನ ಹತ್ತಿರದ ಸಂಬಂಧಿ.

ಈ ಉಣುಗು ಋತುವನ್ನು ನೋಡಿಕೊಂಡೇ ಬದುಕುತ್ತದೆ. ಮಳೆಗಾಲದಲ್ಲಿ ಬೆಳೆದ ಉಣುಗುಗಳು ದನಗಳ ರಕ್ತ ಕುಡಿದು, ಕೆಳಗುದುರಿ, ತರಗೆಲೆಯ ಅಡಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತವೆ. ಮಳೆ ಮುಗಿದ ಮೇಲೆ ಹೊರಬಂದ ಮರಿಗಳು ಕಾಡಿಲಿ, ಸುಂಡಿಲಿಗಳ ಮೈಗೆ ಹತ್ತುತ್ತವೆ. ವೈರಸ್ ಸದ್ದಿಲ್ಲದೆ ಸುತ್ತುವುದು ಇಲ್ಲಿಯೇ. ಚಳಿಗಾಲದಿಂದ ಬೇಸಿಗೆಯವರೆಗೆ, ಮರಿಗಿಂತ ತುಸು ದೊಡ್ಡದಾದ ಉಣುಗು ಮಂಗನನ್ನೂ ಮನುಷ್ಯನನ್ನೂ ಕಚ್ಚುತ್ತದೆ. ಮಳೆ ಹಿಂದುಮುಂದಾದರೆ ಈ ಲೆಕ್ಕವೂ ಹಿಂದುಮುಂದಾಗಬೇಕಲ್ಲವೇ?

ಹಾಗಾದರೆ ಕಾಡಿನೊಳಗಿನ ಸುತ್ತಾಟ ಊರಿಗೆ ಬಂದದ್ದೇಕೆ? 1969ರಲ್ಲಿ ಬೊಶೆಲ್ ಎಂಬ ವಿಜ್ಞಾನಿ ಇದಕ್ಕೆ ಉತ್ತರ ಹುಡುಕಿದರು. ಜನಸಂಖ್ಯೆ ಬೆಳೆಯಿತು, ಕಾಡು ಕಡಿದು ಗದ್ದೆಯಾಯಿತು, ದನಗಳು ಕಾಡಿನಂಚಿಗೆ ಮೇಯಲು ಹೋದವು, ಕಡಿದ ಜಾಗದಲ್ಲಿ ಲಂಟಾನ ಹಬ್ಬಿತು. ಇಲಿ, ಉಣುಗು, ದನ, ಮನುಷ್ಯ ಒಂದೇ ಅಂಚಿನಲ್ಲಿ ಕೂಡಿದರು. 1983ರ ಹೊತ್ತಿಗೆ ಬೆಳ್ತಂಗಡಿಯಲ್ಲಿ ಗೇರು ತೋಟಕ್ಕೆಂದು ಕಾಡು ಸವರಿದ ಬೆನ್ನಿಗೇ ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. 2019ರಲ್ಲಿ ಸಾಗರ ತಾಲೂಕಿನ ಅರಲಗೋಡು ಅದೇ ಸಂಕಟ ಉಂಡಿತು. ಅಷ್ಟರಲ್ಲಿ ರೋಗ ಬಂಡೀಪುರ, ವಯನಾಡು, ಗೋವಾಗಳನ್ನೂ ತಲುಪಿತ್ತು.

ಇಷ್ಟಾದರೂ ದೂರು ಮಾತ್ರ ಮಂಗನ ಮೇಲೆ. ಕಾರಣ ಸರಳ. ಇಲಿ ಕಣ್ಣಿಗೆ ಬೀಳುವುದಿಲ್ಲ, ಕಡಿದ ಮರ ಸಾಕ್ಷಿ ಹೇಳುವುದಿಲ್ಲ. ಸತ್ತ ಮಂಗ ದಾರಿಯಲ್ಲೇ ಬಿದ್ದಿರುತ್ತದೆ. ಅದರ ಮೈ ತಣ್ಣಗಾದಾಗ ಉಣುಗುಗಳು ಸುತ್ತ ಉದುರಿ ಅಪಾಯ ತರುತ್ತವೆ, ನಿಜ. ಆದರೆ ಮಂಗವೂ ನಮ್ಮಂತೆ ರೋಗಿಯೇ. ಮೊದಲು ಸತ್ತು ಸುದ್ದಿ ಕೊಟ್ಟವನನ್ನೇ ನಾವು ಅಪರಾಧಿ ಮಾಡಿದ್ದೇವೆ. ಸಮಾಜದಲ್ಲಿಯೂ ನಾವು ಹೀಗೆ ಮಾಡುವುದುಂಟು.

1990ರಿಂದ ಕೊಡುತ್ತಿದ್ದ ಲಸಿಕೆ ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತಿತು. ಹೊಸ ಲಸಿಕೆಯ ಪ್ರಯತ್ನ ನಡೆದಿದೆ. ಇಲಿಜ್ವರ ಬೇಗ ಪತ್ತೆಯಾದರೆ ಔಷಧಿಗೆ ಬಗ್ಗುತ್ತದೆ. ಮಂಗನ ಕಾಯಿಲೆಗೆ ನೇರ ಔಷಧಿಯಿಲ್ಲ, ಆರೈಕೆಯೇ ಗತಿ. ಎರಡೂ ಜ್ವರ, ಮೈಕೈನೋವಿನಿಂದಲೇ ಶುರುವಾಗುವುದರಿಂದ ಮೊದಲ ದಿನವೇ ವೈದ್ಯರಿಗೆ ಕಾಡಿಗೆ ಹೋಗಿದ್ದೆವೋ, ಕೆಸರಿಗೆ ಇಳಿದಿದ್ದೆವೋ ಹೇಳಬೇಕು. ಕಾಡಿಗೆ ಹೋಗುವಾಗ ಮೈಗೆ ಉಣುಗು ತಡೆಯುವ ಎಣ್ಣೆ ಹಚ್ಚಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಕಾಡಿಗೆ ಹೋಗಬೇಡಿ ಎಂದು ಹೇಳುವುದು ಸುಲಭ. ಒಲೆಗೆ ಕಟ್ಟಿಗೆ, ಕೊಟ್ಟಿಗೆಗೆ ತರಗೆಲೆ ಬೇಕಾದ ಬಡವರು ಎಲ್ಲಿಗೆ ಹೋಗಬೇಕು? ಕಾಡು ಕಡಿದ ಲಾಭ ಒಬ್ಬರಿಗೆ, ಜ್ವರ ಇನ್ನೊಬ್ಬರಿಗೆ. ಮಂಗನ ಹೆಸರಿನ ಹಿಂದೆ ಅಡಗಿರುವ ಲೆಕ್ಕ ಇದೇ.