ಒಂದು ಸರಕಾರಿ ವರದಿ, ಒಂದು ಪತ್ರಿಕೆ ಮತ್ತು ಸುರ್ರಾ ರೋಗ

ದನದ ಡಾಕ್ಟರು ಎಂದರೆ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಹಳ್ಳಿಗಳಲ್ಲಿ ಸೂಜಿ ಮಾಡುವವರು, ಅಷ್ಟೇ. ಅವರೂ ಸಂಶೋಧನೆ ಮಾಡಿ ಬರೆಯುತ್ತಾರೆ, ಅದನ್ನು ಅಚ್ಚು ಹಾಕಲೆಂದೇ ಪತ್ರಿಕೆಗಳಿವೆ ಎಂದರೆ ನಮ್ಮ ಮಕ್ಕಳಿಗೆ ನಗು ಬರುತ್ತದೆ. ಹೀಗೆ ಅಚ್ಚಾದ ಒಂದು ಬರಹದ ಕತೆಯನ್ನು ಇಲ್ಲಿ ಹೇಳುತ್ತೇವೆ.

1880ರ ಮಾತು. ಸಿಂಧೂ ನದಿಯ ದಂಡೆಯ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ (ಈಗ ಅದು ಪಾಕಿಸ್ತಾನದಲ್ಲಿದೆ) ಬ್ರಿಟಿಷ್ ಸೈನ್ಯದ ಕುದುರೆಗಳು, ಒಂಟೆಗಳು ಸೊರಗಿ ಸೊರಗಿ ಸಾಯತೊಡಗಿದವು. ಅಲ್ಲಿಯ ಜನ ಈ ರೋಗಕ್ಕೆ ಸುರ್ರಾ ಎನ್ನುತ್ತಿದ್ದರು. ಕಚ್ಚುವ ದೊಡ್ಡ ನೊಣದಿಂದ ಅದು ಬರುತ್ತದೆ ಎಂದೂ ಹೇಳುತ್ತಿದ್ದರು. ತನಿಖೆಗೆ ಬಂದವರು ಗ್ರಿಫಿತ್ ಇವಾನ್ಸ್, ವೇಲ್ಸ್ ದೇಶದ ಪಶುವೈದ್ಯರು. ರೋಗಿ ಕುದುರೆಯ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಾವಿನ ಮರಿಯಂತೆ ಹೊರಳಾಡುವ ಜೀವಿಗಳು! ಆ ರಕ್ತವನ್ನು ಆರೋಗ್ಯವಂತ ಪ್ರಾಣಿಗೆ ಚುಚ್ಚಿದರು. ಅದಕ್ಕೂ ರೋಗ ಬಂತು.

ರೋಗಕ್ಕೆ ಈ ಜೀವಿಯೇ ಕಾರಣವಿರಬೇಕು ಎಂದು ಇವಾನ್ಸ್ ಬರೆದರು. ಪಂಡಿತರು ಒಪ್ಪಲಿಲ್ಲ. ಅವರದೂ ಪೂರ್ತಿ ಹಟವಲ್ಲ ಬಿಡಿ. ಇಂಥವೇ ಜೀವಿಗಳನ್ನು ಕಲಕತ್ತೆಯಲ್ಲಿ ತಿಮೋಥಿ ಲೂಯಿಸ್ ಅದಕ್ಕೂ ಮೊದಲೇ ಇಲಿಗಳ ರಕ್ತದಲ್ಲಿ ಕಂಡಿದ್ದರು. ಆ ಇಲಿಗಳಿಗೆ ಏನೂ ಆಗಿರಲಿಲ್ಲ.

ಇವಾನ್ಸರ ವರದಿಯನ್ನು 1880ರ ಡಿಸೆಂಬರಿನಲ್ಲಿ ಪಂಜಾಬ್ ಸರಕಾರದ ಮಿಲಿಟರಿ ಇಲಾಖೆ ಅಚ್ಚು ಮಾಡಿಸಿತು. ಸರಕಾರಿ ವರದಿ ಎಂದರೆ ಗೊತ್ತಲ್ಲ, ಕಪಾಟಿನಿಂದ ಕಪಾಟಿಗೆ ಅದರ ಪ್ರಯಾಣ. ಆದರೆ ಲಂಡನ್ನಿನಲ್ಲಿ ಜಾರ್ಜ್ ಫ್ಲೆಮಿಂಗ್ 1875ರಲ್ಲಿ ಆರಂಭಿಸಿದ್ದ 'ವೆಟರ್ನರಿ ಜರ್ನಲ್' ಎಂಬ ಪತ್ರಿಕೆ ಇತ್ತು. 1881-82ರಲ್ಲಿ ಅದೇ ವಿಷಯ ಅಲ್ಲಿ ಪ್ರಕಟವಾಯಿತು. ಕಡತ ಓದದವರೂ ಪತ್ರಿಕೆ ಓದುತ್ತಾರೆ.

ಮುಂದೆ ಬರ್ಮಾದಲ್ಲಿ ಸಾಮಾನು ಹೊರುವ ಹೇಸರಗತ್ತೆಗಳು ಸಾಯತೊಡಗಿದಾಗ ಪರೀಕ್ಷೆಗೆ ಹೋದವರು ಜಾನ್ ಹೆನ್ರಿ ಸ್ಟೀಲ್. ಇದು ಬಹುಶಃ ಇವಾನ್ಸ್ ಹೇಳಿದ ರೋಗವೇ ಎಂದು ಅವರು 1885ರಲ್ಲಿ ಬರೆದರು. ನಮಗೆ ತುಂಬ ಹಿಡಿಸಿದ್ದು ಇನ್ನೊಂದು ಸಂಗತಿ. ತಮ್ಮ ವರದಿಯ ಜೊತೆಗೆ ಇವಾನ್ಸರ ಹಳೆಯ ವರದಿಯನ್ನೂ ಸ್ಟೀಲ್ ಮರುಮುದ್ರಿಸಿದರು, ಜೀವಿಗೂ ಇವಾನ್ಸರ ಹೆಸರನ್ನೇ ಇಟ್ಟರು: ಸ್ಪೈರೋಕೀಟ ಇವಾನ್ಸಿ. ಅದು ಸ್ಪೈರೋಕೀಟ ಅಲ್ಲ ಎಂದು ಆಮೇಲೆ ತಿಳಿಯಿತು. 1888ರಲ್ಲಿ ಬಾಲ್ಬಿಯಾನಿ ಅದನ್ನು ಟ್ರಿಪನೊಸೋಮ ಕುಲಕ್ಕೆ ಸೇರಿಸಿದರು. ಕುಲ ಬದಲಾದರೂ 'ಇವಾನ್ಸಿ' ಉಳಿಯಿತು.

ಈ ಸ್ಟೀಲ್ ನಮ್ಮ ಕಡೆಗೆ ಪೂರ್ತಿ ಹೊರಗಿನವರೇನಲ್ಲ. ಸೊಲ್ಲಾಪುರ, ಬಿಜಾಪುರ, ಧಾರವಾಡ ಎಲ್ಲ ಒಂದೇ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, 1886ರಲ್ಲಿ, ಮುಂಬಯಿಯ ಪರೇಲಿನಲ್ಲಿ ಶುರುವಾದ ಪಶುವೈದ್ಯ ಕಾಲೇಜಿಗೆ ಅವರೇ ಮೊದಲ ಪ್ರಿನ್ಸಿಪಾಲರು. ಆನೆಯ ರೋಗಗಳ ಬಗ್ಗೆ, ಒಂಟೆಯ ರೋಗಗಳ ಬಗ್ಗೆ ಪುಸ್ತಕ ಬರೆದರು. ಫ್ರೆಡರಿಕ್ ಸ್ಮಿತ್ ಜೊತೆ ಸೇರಿ ಭಾರತದಲ್ಲೇ ಒಂದು ಪಶುವೈದ್ಯ ತ್ರೈಮಾಸಿಕವನ್ನೂ ನಡೆಸಿದರು. 1891ರಲ್ಲಿ ತೀರಿಕೊಂಡರು; ವಯಸ್ಸು ನಲವತ್ತೂ ಆಗಿರಲಿಲ್ಲ. ಇಂದಿಗೂ ನಡೆದಿರುವ 'ಇಂಡಿಯನ್ ವೆಟರ್ನರಿ ಜರ್ನಲ್' ಮದ್ರಾಸಿನಲ್ಲಿ ಹುಟ್ಟಿದ್ದು ಬಹಳ ತಡವಾಗಿ, 1924ರಲ್ಲಿ.

ಇನ್ನು ನೊಣದ ಮಾತು. ರಕ್ತ ಹೀರುವ ದೊಡ್ಡ ನೊಣ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸುರ್ರಾ ಹರಡುತ್ತದೆ ಎಂದು ಲಿಯೊನಾರ್ಡ್ ರೋಜರ್ಸ್ ಪ್ರಯೋಗ ಮಾಡಿ ತೋರಿಸಿದರು. ಆ ಪ್ರಬಂಧ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದದ್ದು 1901ರಲ್ಲಿ. ಸಿಂಧೂ ದಂಡೆಯ ಕುದುರೆ ಕಾಯುವವರು ಇದನ್ನೇ ಇಪ್ಪತ್ತು ವರ್ಷ ಮೊದಲು ಹೇಳಿದ್ದರು. ಅವರ ಭಾಷೆಯ ಒಂದು ಶಬ್ದ ಮಾತ್ರ ಪ್ರಬಂಧಗಳೊಳಗೆ ಹೊಕ್ಕು ರೋಗದ ಹೆಸರಾಗಿ ನಿಂತಿತು.

ಇವಾನ್ಸರಿಗೆ ಲಿವರ್‌ಪೂಲಿನ ಉಷ್ಣವಲಯ ವೈದ್ಯ ಸಂಸ್ಥೆ ಪದಕ ಕೊಟ್ಟದ್ದು 1917ರಲ್ಲಿ. ಆಗ ಅವರಿಗೆ ಎಂಬತ್ತು ದಾಟಿತ್ತು. ನೂರು ತುಂಬಿಸಿ 1935ರಲ್ಲಿ ಹೋದರು.