ಕೊಲ್ಹಾಪುರದ ನಾಟ್ಯಗೃಹ

ನಾಟಕದ ಇತಿಹಾಸವನ್ನು ಬರೆಯುವವರು ನಟರನ್ನೂ ನಾಟಕಕಾರರನ್ನೂ ಸ್ಮರಿಸುವಷ್ಟು ಆ ಕಲೆಗೆ ಆಶ್ರಯವಿತ್ತ ಕಟ್ಟಡಗಳನ್ನು ಸ್ಮರಿಸುವುದಿಲ್ಲ. ಕೊಲ್ಹಾಪುರದ ನಾಟ್ಯಗೃಹವಂತೂ ಗಡಿನಾಡ ಕನ್ನಡಿಗರಾದ ನಾವು ಮರೆಯಬಾರದ ಕಟ್ಟಡ.

1842ರಲ್ಲಿ ಕರ್ನಾಟಕದ ಭಾಗವತ ಮೇಳವೊಂದು ಸಾಂಗಲಿಗೆ ಬಂದು ಆಟವಾಡಿತು. ಅದನ್ನು ಮೆಚ್ಚಿದ ಸಂಸ್ಥಾನಿಕ ಚಿಂತಾಮಣರಾವ ಪಟವರ್ಧನರ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ ಮರಾಠಿಯಲ್ಲಿ ‘ಸೀತಾಸ್ವಯಂವರ’ವನ್ನು ಪ್ರಯೋಗಿಸಿದರು. ಮರಾಠಿ ರಂಗಭೂಮಿಯ ಉದಯವೆಂದು ಎಣಿಸುವುದು ಇದನ್ನೇ. ಕಲೆ ಹುಟ್ಟಿತು, ಆದರೆ ಅದಕ್ಕೆ ಸ್ವಂತ ಮನೆಯಿರಲಿಲ್ಲ. ವಾಡೆಗಳ ಅಂಗಳ, ಗುಡಿಗಳ ಪ್ರಾಂಗಣ, ತಾತ್ಕಾಲಿಕ ಮಂಟಪ, ಇವೇ ಅದರ ನೆಲೆಗಳಾಗಿದ್ದವು.

ಈ ಕೊರತೆಯನ್ನು ಕೊಲ್ಹಾಪುರದಲ್ಲಿ ನೀಗಿಸಿದವರು ಛತ್ರಪತಿ ಶಾಹೂ ಮಹಾರಾಜರು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆಂದು ಯುರೋಪಿಗೆ ತೆರಳಿದ ಅವರು ಅಲ್ಲಿಯ ಕಟ್ಟಡಗಳನ್ನು ಕಣ್ತುಂಬ ಕಂಡರು. ತರುವಾಯ ಖಾಸಬಾಗದ ಕುಸ್ತಿ ಮೈದಾನವನ್ನು ನಿರ್ಮಿಸಿದರು. ಅದರ ಮಗ್ಗುಲಲ್ಲಿಯೇ 1913ರಲ್ಲಿ ಆರಂಭಿಸಿದ ‘ಪ್ಯಾಲೇಸ್ ಥಿಯೇಟರ್’ 1915ರಲ್ಲಿ ಸಿದ್ಧವಾಯಿತು. ಮಲ್ಲರಿಗೂ ನಟರಿಗೂ ಒಂದೇ ಆವರಣದಲ್ಲಿ ಸ್ಥಾನ ದೊರೆಯಿತು. ಪ್ರೇಕ್ಷಕಾಂಗಣದ ನಡುವೆ ಕಂಬಗಳಿಲ್ಲದಿರುವುದು ಈ ಕಟ್ಟಡದ ವೈಶಿಷ್ಟ್ಯ. ಹಿಂದೆ ಕುಳಿತವನಿಗೂ ರಂಗವು ಮರೆಯಾಗಬಾರದೆಂಬ ಸಮದೃಷ್ಟಿ ಇದರಲ್ಲಿದೆ.

1957ರಲ್ಲಿ ಇದಕ್ಕೆ ಗಾಯಕನಟ ಕೇಶವರಾವ ಭೋಸಲೆಯವರ ಹೆಸರನ್ನಿಟ್ಟರು. ಕೊಲ್ಹಾಪುರದಲ್ಲಿ ಜನಿಸಿದ ಅವರು ತಮ್ಮ ‘ಲಲಿತಕಲಾದರ್ಶ’ ಮಂಡಳಿಯನ್ನು 1908ರಲ್ಲಿ ಸ್ಥಾಪಿಸಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಸಾಂಗಲಿಗೆ ಹೋದ ಕನ್ನಡದ ಕಲೆಯ ಋಣವನ್ನು ಮರಾಠಿ ನಟನು ಹುಬ್ಬಳ್ಳಿಯಲ್ಲಿ ತೀರಿಸಿದಂತಾಯಿತು.

2024ರ ಆಗಸ್ಟ್ 8ರ ರಾತ್ರಿ, ಭೋಸಲೆಯವರ ಜಯಂತಿಯ ಮುನ್ನಾದಿನ, ಈ ನಾಟ್ಯಗೃಹವು ಬೆಂಕಿಗೆ ಆಹುತಿಯಾಯಿತು. ರಂಗವೂ ಛಾವಣಿಯೂ ಸುಟ್ಟುಹೋದವು. ಕಲ್ಲಿನ ಗೋಡೆಗಳು ನಿಂತವು. ಮರ, ಪರದೆ, ದೀಪಗಳು ಒಂದೆಡೆ ಸೇರುವ ನಾಟಕಶಾಲೆಗೆ ಅಗ್ನಿಭಯವು ಎಲ್ಲ ದೇಶಗಳಲ್ಲಿಯೂ ಉಂಟು. ಇಟಲಿಯ ಬಂದರು ಪಟ್ಟಣವಾದ ವೆನಿಸ್ಸಿನಲ್ಲಿ 1792ರಲ್ಲಿ ತೆರೆದ ‘ಲಾ ಫೆನಿಚೆ’ ಎಂಬ ಸಂಗೀತನಾಟಕಶಾಲೆಯು 1836ರಲ್ಲಿಯೂ 1996ರಲ್ಲಿಯೂ ಸುಟ್ಟುಹೋಯಿತು. ಬೂದಿಯಿಂದ ಮರಳಿ ಹುಟ್ಟುವ ಪುರಾಣದ ಪಕ್ಷಿಯ ಹೆಸರೇ ಅದಕ್ಕಿದೆ. ಆ ಊರಿನವರು ಅದನ್ನು ಹಿಂದಿನ ರೂಪದಲ್ಲಿಯೇ, ಹಿಂದಿನ ಸ್ಥಳದಲ್ಲಿಯೇ ಕಟ್ಟಿ 2003ರಲ್ಲಿ ಪುನಃ ತೆರೆದರು.

ಕಟ್ಟಡವನ್ನು ಶಿಲ್ಪಿಗಳು ಕಟ್ಟಿಯಾರು. ಅದನ್ನು ನಾಟಕಶಾಲೆಯನ್ನಾಗಿ ಉಳಿಸುವವರು ಪ್ರೇಕ್ಷಕರು. ಇಚಲಕರಂಜಿಯ, ಗಡಹಿಂಗ್ಲಜದ ಕನ್ನಡ ಮನೆಗಳವರು ಕೊಲ್ಹಾಪುರದ ರಂಗವನ್ನು ಪರರದೆಂದು ಭಾವಿಸದಿರಲಿ. ಅದರ ಬುನಾದಿಯಲ್ಲಿ ಭಾಗವತರ ಗೆಜ್ಜೆಯ ನಾದವೂ ಅಡಗಿದೆಯೆಂಬುದನ್ನು ನಮ್ಮ ಮಕ್ಕಳಿಗೆ ತಿಳಿಸುವುದು ನಮ್ಮ ಕರ್ತವ್ಯವಾಗಿದೆ.